ಮುಲಾಜಿನ ಗೆರೆ

ನುಣುಪಾದ ಗೆರೆ ಕಂಡರೆ ನನಗೆ ಈಗಲೂ ಅಸಹ್ಯವಾಗುತ್ತದೆ. ಪತ್ರಿಕೆಯಲ್ಲಿ ಮಳೆಯದೋ ಬೆಲೆಯದೋ ನಕ್ಷೆ ಹಾಕಿ, ಏರಿ ಇಳಿದು ಎಲ್ಲೂ ಮುರಿಯದ ಗೆರೆಯೊಂದನ್ನು ಎಳೆದಿದ್ದರೆ, ಇದನ್ನು ಯಾರು ಯಾರ ಮನಸ್ಸು ನೋಯದಿರಲಿ ಎಂದು ತಿದ್ದಿದರೋ ಎಂಬುದೇ ನನಗೆ ಮೊದಲು ಬರುವ ಯೋಚನೆ. ಮನೆಯವರು ಇದನ್ನು ಕಾಯಿಲೆ ಎನ್ನುತ್ತಾರೆ. ಇರಬಹುದು. ಅದು ಅಂಟಿದ ಜಾಗ ಮಾತ್ರ ನನಗೆ ಗೊತ್ತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಡುವೆ ಓಡಾಡುತ್ತಿದ್ದ ಬಸ್ಸುಗಳಲ್ಲಿ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಜಗಳೂರಿನ ಜೂನಿಯರ್ ಕಾಲೇಜಿನಲ್ಲಿ ಗಣಿತದ ಲೆಕ್ಚರರ್. ವಿಶ್ವವಿದ್ಯಾಲಯದಲ್ಲಿ ಓದಿ ಬಂದವನೆಂಬ ಗರ್ವ ಇತ್ತು, ಅದನ್ನು ತೋರಿಸಲು ಅಲ್ಲಿ ಯಾರೂ ಇರಲಿಲ್ಲ. ಬಿಳಿಚೋಡಿನ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿಗಳಿಗೆ ತ್ರಿಕೋನಮಿತಿ ಹೇಳುವಾಗ ನನ್ನ ಅರ್ಧ ಮನಸ್ಸು ವಿಶ್ವವಿದ್ಯಾಲಯದ ಹುದ್ದೆಯೊಂದರ ಮೇಲಿರುತ್ತಿತ್ತು. ಅಲ್ಲಿ ಹುದ್ದೆ ಸಿಗಬೇಕಾದರೆ ಡಾಕ್ಟರೇಟ್ ಬೇಕು. ನಾನು ಹೊರಗಿನಿಂದಲೇ ಸಂಶೋಧನೆಗೆ ಹೆಸರು ನೋಂದಾಯಿಸಿದ್ದೆ. ನೋಂದಣಿಯ ಅವಧಿ ಮುಗಿಯುವುದರೊಳಗೆ ಪ್ರಬಂಧ ಒಪ್ಪಿಸದಿದ್ದರೆ ಅದೂ ಹೋಗುತ್ತದೆ, ಜಗಳೂರೇ ಗತಿ ಎಂದು ನನಗೆ ನಾನೇ ದಿನವೂ ಹೇಳಿಕೊಳ್ಳುತ್ತಿದ್ದೆ.

ನನ್ನ ವಿಷಯಕ್ಕೆ ಕನ್ನಡದಲ್ಲಿ ಅರೇಖೀಯ ಅನುಕಲ ಸಮೀಕರಣ ಎನ್ನಬಹುದು. ನಾವು ಆಗ ಇಂಟೆಗ್ರಲ್ ಈಕ್ವೇಷನ್ ಎಂದೇ ಅನ್ನುತ್ತಿದ್ದೆವು. ಗೊತ್ತಿಲ್ಲದ ಒಂದು ಗೆರೆ ಇದೆ ಎಂದುಕೊಳ್ಳಿ. ಯಾವುದೇ ಒಂದು ಜಾಗದಲ್ಲಿ ಅದರ ಎತ್ತರ ಎಷ್ಟು ಎಂಬುದು ಮಿಕ್ಕೆಲ್ಲ ಜಾಗಗಳ ಎತ್ತರಗಳನ್ನು ಕೂಡಿ ನೋಡಿದರಷ್ಟೇ ತಿಳಿಯುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ಕೂತ ಒಬ್ಬೊಬ್ಬರೂ ಉಳಿದವರೆಲ್ಲ ಎಷ್ಟು ತಿನ್ನುತ್ತಿದ್ದಾರೆಂದು ನೋಡಿ ತಾವು ಎಷ್ಟು ತಿನ್ನಬೇಕೆಂದು ತೀರ್ಮಾನಿಸಿದ ಹಾಗೆ. ಆ ಕೂಡುವ ಕೆಲಸವೇ ಅನುಕಲನ. ಅದೂ ಎತ್ತರವನ್ನು ಇದ್ದ ಹಾಗೆ ಕೂಡುವಂತಿಲ್ಲ, ವರ್ಗ ಮಾಡಿ ಕೂಡಬೇಕು. ಎರಡರಷ್ಟು ಹಾಕಿದರೆ ಎರಡರಷ್ಟು ಬರುವ ಸುಖ ಇಲ್ಲಿಲ್ಲ. ಸೂತ್ರ ಹಾಕಿ ಬಿಡಿಸಲೂ ಬರುವುದಿಲ್ಲ. ಒಂದು ಗೆರೆಯನ್ನು ಊಹಿಸಿ ಸಮೀಕರಣದ ಒಳಗೆ ಹಾಕಬೇಕು. ಬೇರೊಂದು ಗೆರೆ ಹೊರಗೆ ಬರುತ್ತದೆ. ಅದನ್ನೇ ಮತ್ತೆ ಒಳಗೆ ಹಾಕಬೇಕು. ಹಾಕಿದ್ದೇ ಹೊರಗೆ ಬಂದ ದಿನ ಉತ್ತರ ಸಿಕ್ಕಿತು.

ಇದನ್ನು ಮಾಡಲು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಇತ್ತು. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ತಣ್ಣನೆಯ ಕೋಣೆ. ನನ್ನನ್ನು ಒಳಗೆ ಬಿಡಿಸಬೇಕಾದವರು ನನ್ನ ಗೈಡ್. ಆತ ಸದಾ ಏನಾದರೂ ತಿನ್ನುತ್ತಿದ್ದರು. ಕೋಡುಬಳೆ ಮುರಿಯುತ್ತಲೇ ಹೇಳಿದರು, "ಕಂಪ್ಯೂಟರ್ ಟೈಮ್ ಏನು ಛತ್ರದ ಊಟವೇನ್ರೀ, ಬಂದೋರಿಗೆಲ್ಲ ಬಡಿಸೋಕೆ? ನಿಮ್ಮ ಕಡೆ ಮೇಷ್ಟ್ರುಗಳಿದ್ದಾರಲ್ಲ, ಹಂಚಿಕೊಂಡು ಮಾಡ್ರಿ."

ಹಂಚಿಕೊಂಡೆವು. ಗೆರೆಯನ್ನು ನಾಲ್ಕು ತುಂಡು ಮಾಡಿದೆ. ಮೊದಲ ತುಂಡು ಚನ್ನಗಿರಿಯ ಜೂನಿಯರ್ ಕಾಲೇಜಿನಲ್ಲಿದ್ದ ನನ್ನ ಎಂ.ಎಸ್ಸಿ. ಸಹಪಾಠಿಗೆ. ಎರಡನೆಯದು ಹೊನ್ನಾಳಿಯಲ್ಲಿ ಪಾಠ ಮಾಡುತ್ತಿದ್ದ ಮೇಡಂಗೆ. ಆಕೆ ಸಾಸ್ವೆಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು, ಬಸ್ಸಿನಲ್ಲೂ ಲೆಕ್ಕ ಮಾಡುವಷ್ಟು ಶ್ರದ್ಧೆ. ಮೂರನೆಯದು ನ್ಯಾಮತಿಯ ಮೇಷ್ಟ್ರಿಗೆ; ನಿವೃತ್ತಿಗೆ ಹತ್ತಿರವಾಗಿದ್ದವರು, ಆ ಮೇಡಂಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದವರು. ಕೊನೆಯ ತುಂಡು ನನಗೆ. ಪ್ರತಿ ಸುತ್ತಿನಲ್ಲೂ ಒಬ್ಬೊಬ್ಬರು ಉಳಿದ ಮೂವರ ಅಂಕಿಗಳನ್ನು ಇಟ್ಟುಕೊಂಡು ತಮ್ಮ ತುಂಡನ್ನು ಲಾಗ್ ಟೇಬಲ್ ಹಿಡಿದು ಲೆಕ್ಕ ಮಾಡಬೇಕು, ಕಾರ್ಬನ್ ಹಾಳೆ ಇಟ್ಟು ಪ್ರತಿ ತೆಗೆದು ಬಸ್ಸಿಗೆ ಕೊಡಬೇಕು. ದಾವಣಗೆರೆ ಬಸ್ ಸ್ಟ್ಯಾಂಡಿನ ಒಂದು ಪೆಟ್ಟಿಗೆ ಅಂಗಡಿಯಲ್ಲಿ ಲಕೋಟೆಗಳು ಅದಲುಬದಲಾಗಿ ಊರೂರಿಗೆ ಹೋಗುತ್ತಿದ್ದವು.

ಆ ಲಕೋಟೆಗಳ ವಾಸನೆ ನನಗೆ ನೆನಪಿದೆ, ಅಥವಾ ನೆನಪಿದೆ ಎಂದುಕೊಂಡಿದ್ದೇನೆ. ಸೀಮೆಎಣ್ಣೆ, ಬೆವರು, ಹುಳಿತ ಅಂಟು. ಒಮ್ಮೆ ದಶಮಾಂಶದ ಚುಕ್ಕಿಯ ಮೇಲೆಯೇ ಎಲೆಅಡಿಕೆಯ ಕೆಂಪು ಹನಿ ಬಿದ್ದಿತ್ತು. ಅದನ್ನು ಉಗುರಿನಿಂದ ಕೆರೆದು ಅಂಕಿ ಓದಿದೆ, ಆಮೇಲೆ ಬಹಳ ಹೊತ್ತು ಕೈ ತೊಳೆದೆ. ಬಸ್ಸಿನ ಕಂಡಕ್ಟರ್‌ಗೆ ಈ ಅಂಕಿಗಳ ಮೇಲೆ ಬೇರೆಯೇ ಗುಮಾನಿ ಇತ್ತು.

"ಸಾರ್, ಬೇಜಾರಾಗಬ್ಯಾಡ್ರಿ. ಹೊನ್ನಾಳಿ ಮೇಡಂ ಬರೆದಿದ್ದ ನಂಬರ್ ಹಿಡಿದು ಮಟ್ಕಾ ಆಡ್ದೆ. ಹತ್ತಲಿಲ್ಲ."

"ಅದು ಮಟ್ಕಾ ನಂಬರ್ ಅಲ್ಲಪ್ಪಾ."

"ಗೊತ್ತಾಯ್ತು ಬಿಡ್ರಿ. ನ್ಯಾಮತಿ ಮೇಷ್ಟ್ರದು ಆಡಿದ್ರೆ ಹೆಂಗೆ?"

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಈ ಅಂಕಿಗಳಿಂದ ಏನನ್ನು ಬಯಸುತ್ತಿದ್ದೇನೆಂದು ಮುಚ್ಚುಮರೆಯಿಲ್ಲದೆ ಹೇಳಿದವನು ಅವನೊಬ್ಬನೇ.

ಮೊದಲ ಕೆಲವು ತಿಂಗಳು ಗೆರೆ ನಿಲ್ಲಲೇ ಇಲ್ಲ. ಒಂದು ಸುತ್ತಿನಲ್ಲಿ ಮೇಲೆ ಹೋಗುತ್ತಿತ್ತು, ಮುಂದಿನ ಸುತ್ತಿನಲ್ಲಿ ಕೆಳಗೆ ಬರುತ್ತಿತ್ತು, ಮತ್ತೆ ಮೇಲೆ. ಚನ್ನಗಿರಿಯ ಗೆಳೆಯ ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದ. ದಾವಣಗೆರೆಯಲ್ಲಿ ಸಿಕ್ಕಾಗ ನಕ್ಕ. "ಏನಪ್ಪಾ ಜಗಳೂರು, ಇದು ಈಕ್ವೇಷನ್ ಅಲ್ಲ, ಅಡಿಕೆ ರೇಟು. ಈ ವಾರ ಮೇಲೆ, ಬರೋ ವಾರ ಕೆಳಗೆ. ಮಂಡಿಯವರಿಗೆ ಕೊಟ್ಟು ಡಾಕ್ಟ್ರು ಆಗಿಬಿಡು."

ಬೇಸಿಗೆ ಶುರುವಾದ ಮೇಲೆ ಗೆರೆ ತಾನಾಗಿ ನಿಲ್ಲತೊಡಗಿತು. ಮೊದಲು ಓಲಾಟ ಕಡಿಮೆಯಾಯಿತು. ಆಮೇಲೆ ಅಂಕಿಗಳು ಕೊನೆಯ ಸ್ಥಾನದಲ್ಲಷ್ಟೇ ಅಲುಗಿದವು. ಮುಂಗಾರು ಹಿಡಿಯುವ ಹೊತ್ತಿಗೆ ಸುತ್ತಿನಿಂದ ಸುತ್ತಿಗೆ ಬದಲಾವಣೆಯೇ ಇರಲಿಲ್ಲ. ಗ್ರಾಫ್ ಹಾಳೆಯ ಮೇಲೆ ನಾಲ್ಕು ತುಂಡುಗಳನ್ನೂ ಸೇರಿಸಿ ಎಳೆದೆ. ಎಲ್ಲೂ ಒಂದು ಗಂಟು ಇಲ್ಲ. ಗೈಡ್ ನೋಡಿ, "ಭೇಷ್" ಎಂದರು. ಟೈಪಿಸ್ಟ್ ಗೊತ್ತಾದರು. ಪ್ರಬಂಧಕ್ಕೆ ಯಾವ ಬಣ್ಣದ ರೆಕ್ಸಿನ್ ಹಾಕಿಸುವುದೆಂದು ನಾನು ಆಗಲೇ ಯೋಚಿಸಿದ್ದೆ. ನೋಂದಣಿಯ ಅವಧಿ ಮುಗಿಯಲು ಇನ್ನೂ ಕೆಲವು ವಾರಗಳಿದ್ದವು.

ಮೂವರಿಗೂ ಕೃತಜ್ಞತೆ ಹೇಳಿಬರೋಣವೆಂದು ಹೊರಟೆ. ಹೊರಡದೇ ಇದ್ದಿದ್ದರೆ ಇವತ್ತು ನಾನು ನಿವೃತ್ತ ಪ್ರೊಫೆಸರ್. ಮೊದಲು ಹೊನ್ನಾಳಿಗೆ ಹೋದೆ. ಸ್ಟಾಫ್ ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು. ಗ್ರಾಫ್ ಬಿಚ್ಚಿ ತೋರಿಸಿದೆ.

"ಎಷ್ಟು ಚೆಂದ ಕೂತೈತಲ್ಲ ಸಾರ್! ಮೊದಮೊದಲು ನನ್ನ ಪೀಸು ಮುಗಿದು ಮೇಷ್ಟ್ರ ಪೀಸು ಶುರುವಾಗೋ ಕಡೆ ಮೆಟ್ಲು ಇದ್ದಂಗೆ ಬರ್ತಿತ್ತು. ಆಮೇಲೆ ನಾನೇ ಸರಿ ಮಾಡ್ಕಂಡೆ."

"ಸರಿ ಮಾಡ್ಕಂಡೆ ಅಂದ್ರೆ?"

"ಮೇಷ್ಟ್ರ ಮೊದಲ್ನೇ ನಂಬರಿಗೆ ನನ್ನ ಕೊನೇ ನಂಬರ್ ಹೊಂದಿಸ್ದೆ. ಅದರ ಹಿಂದಿನವನ್ನೂ ಅದಕ್ಕೆ ತಕ್ಕಂಗೆ ಸ್ವಲ್ಪ ಸ್ವಲ್ಪ ಎಳೆದೆ."

"ಲೆಕ್ಕ ಮಾಡಲಿಲ್ವಾ?"

"ಅಯ್ಯೋ, ಮಾಡ್ದೆ ಸಾರ್. ಲೆಕ್ಕ ಬೇರೆ ಬಂತು. ಅದನ್ನ ಹಂಗೇ ಕಳಿಸಿದ್ರೆ ಮೇಷ್ಟ್ರುದು ತಪ್ಪು ಅಂತ ನಾನು ಎಲ್ಲರ ಮುಂದೆ ಹೇಳ್ದಂಗೆ ಆಗ್ತಿರಲಿಲ್ವಾ? ಲಾಗ್ ಟೇಬಲ್ ನೋಡಾಕೆ ನನಗೆ ಕಲಿಸಿದೋರೇ ಅವ್ರು."

ಮೇಷ್ಟ್ರ ಅಂಕಿ ತಪ್ಪಾಗಿರಲೂ ಇಲ್ಲವೆಂದು ಆಮೇಲೆ ತಿಳಿಯಿತು. ಬಸ್ಸು ತಪ್ಪಿ ಅವರಿಗೆ ನಮ್ಮ ಲಕೋಟೆಗಳು ತಡವಾಗಿ ಸೇರುತ್ತಿದ್ದವು. ಅವರು ಒಂದು ಸುತ್ತು ಹಿಂದಿನ ಅಂಕಿಗಳಿಂದ ಲೆಕ್ಕ ಮಾಡುತ್ತಿದ್ದರು. ಇಬ್ಬರದೂ ಸರಿಯಿತ್ತು, ಸುತ್ತು ಬೇರೆಯಿತ್ತು. ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಕೇಳುವುದೇ ಅವಿನಯವೆಂದು ಆಕೆ ತಿದ್ದಿದ್ದರು. ಅದನ್ನು ನನಗೆ ಹೇಳುವಾಗ ಮುಖದಲ್ಲಿ ಅಳುಕಿರಲಿಲ್ಲ. ಒಳ್ಳೆಯದು ಮಾಡಿದ ಸಮಾಧಾನ ಇತ್ತು. ಗ್ರಾಫನ್ನು ಮಡಚಿ ಚೀಲಕ್ಕೆ ತುರುಕಿದೆ.

ನ್ಯಾಮತಿಗೆ ಹೋದೆ. ಮೇಷ್ಟ್ರು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಕೇಳುವ ಮೊದಲೇ ಆ ಮೇಡಂ ವಿಷಯ ತೆಗೆದರು.

"ಆ ಹುಡುಗಿ ನಂಬರು ನನ್ನದಕ್ಕಿಂತ ಕೆಳಗಿತ್ತಪ್ಪಾ. ಪಾಪ, ಮನೆಕೆಲಸ, ಬಸ್ಸು, ಕಾಲೇಜು, ಎಲ್ಲದರ ಮಧ್ಯ ಮಾಡೀದಾಳೆ. ನಾನು ಸರಿ, ನೀನು ತಪ್ಪು ಅನ್ನಾಕೆ ಬರ್ತೈತಾ? ಅದಕ್ಕೆ ನಾನೂ ಅರ್ಧ ಇಳಿದೆ."

"ಅರ್ಧ ಅಂದ್ರೆ?"

"ನನ್ನದು, ಆಕೀದು ಕೂಡಿಸಿ ಅರ್ಧ ಮಾಡ್ದೆ. ಹಂಗೇ ಎಲ್ಲಾ ನಂಬರಿಗೂ ಸ್ವಲ್ಪ ಸ್ವಲ್ಪ ಹೊಂದಿಸ್ಕೊಂತ ಬಂದೆ. ಮನುಷ್ಯ ಅಂದಮೇಲೆ ಅಷ್ಟು ಮುಲಾಜು ಬ್ಯಾಡವೇ?" ಆಮೇಲೆ ದನಿ ತಗ್ಗಿಸಿ ಕೇಳಿದರು, "ಪುಸ್ತಕದಾಗೆ ನನ್ನ ಹೆಸರು ಹಾಕ್ತೀಯೇನಪ್ಪಾ? ಮುಂದ್ಗಡೆನೋ, ಹಿಂದ್ಗಡೆನೋ?"

ಮಜ್ಜಿಗೆಯ ಲೋಟ ಕೆಳಗಿಟ್ಟೆ. ಆಕೆ ಇವರಿಗೆ ಮುಲಾಜು ಮಾಡಿ ಮೇಲೆ ಎಳೆದಿದ್ದರು, ಇವರು ಆಕೆಗೆ ಮುಲಾಜು ಮಾಡಿ ಕೆಳಗೆ ಎಳೆದಿದ್ದರು. ಇಬ್ಬರೂ ಸೇರಿ ಒಂದು ಗಂಟಿಲ್ಲದ ಗೆರೆ ಹುಟ್ಟಿಸಿದ್ದರು. ನಾವು ಓದಿದ ಯಾವ ಪುಸ್ತಕದಲ್ಲೂ ಈ ವಿಧಾನಕ್ಕೆ ಮುಲಾಜಿಲ್ಲದ ಜನ ಬೇಕು ಎಂದು ಬರೆದಿರಲಿಲ್ಲ. ಇನ್ನೊಂದು ವಿಷಯ ಆಗಲೇ ತಲೆಗೆ ಬಂದು ಚುಚ್ಚಿತು: ಹಳೆಯದರಲ್ಲಿ ಅರ್ಧ, ಹೊಸದರಲ್ಲಿ ಅರ್ಧ ಬೆರೆಸಿದರೆ ಓಲಾಡುವ ಗೆರೆಯನ್ನು ನಿಜವಾಗಿಯೇ ನಿಲ್ಲಿಸಬಹುದು. ಅದು ಒಪ್ಪಿದ ವಿಧಾನ. ಆದರೆ ಎಲ್ಲರೂ, ಎಲ್ಲ ಜಾಗದಲ್ಲೂ, ತಮ್ಮ ಲೆಕ್ಕಕ್ಕೆ ತಾವೇ ಮಾಡಬೇಕು. ಪಕ್ಕದವರ ಮುಖ ನೋಡಿ ಮಾಡುವಂಥದ್ದಲ್ಲ.

ಚನ್ನಗಿರಿಯ ಗೆಳೆಯನಿಗೆ ಈ ಕಥೆಯನ್ನೆಲ್ಲ ಹೇಳಿದಾಗ ಅವನು ಬಿದ್ದು ಬಿದ್ದು ನಕ್ಕ. ಅದು ಅವನ ಕಾಲೇಜಿನ ಹತ್ತಿರದ ಹೋಟೆಲೋ, ಕೆರೆಬಿಳಚಿಗೆ ಹೋಗುವ ಬಸ್ಸು ನಿಲ್ಲುವ ಜಾಗವೋ, ನೆನಪು ಎರಡನ್ನೂ ತೋರಿಸುತ್ತದೆ.

"ನಿನ್ನದು ಏನು?" ಎಂದೆ.

"ನನ್ನದಾ? ನಾನು ಬೇಸಿಗೆ ರಜಾಕ್ಕೇ ನಿಲ್ಲಿಸ್ದೆ ಕಣೋ."

"ನಿಲ್ಲಿಸ್ದೆ ಅಂದ್ರೆ? ಪ್ರತಿ ಸುತ್ತಿಗೂ ಕಳಿಸ್ತಿದ್ದೆಯಲ್ಲ."

"ಹಿಂದಿನ ಸುತ್ತಿಂದೇ ಕಾಪಿ ಮಾಡಿ ಕಳಿಸ್ತಿದ್ದೆ. ಕೊನೇ ಅಂಕಿ ಒಂದನ್ನ ಅಷ್ಟು ಮುಟ್ಟಿ ಬಿಡ್ತಿದ್ದೆ, ಇನ್ನೂ ಜೀವ ಐತೆ ಅಂತ ಗೊತ್ತಾಗ್ಲಿ ಅಂತ. ಲೇ ಜಗಳೂರು, ನಮ್ಮ ಶಾನುಭೋಗರು ಬೆಳೆ ಅಂದಾಜು ಬರೆಯೋದು ಹೆಂಗೆ ಅಂದ್ಕಂಡೀಯ? ಹೊಲಕ್ಕೆ ಹೋಗ್ತಾರಾ? ಹೋದ ವರ್ಷದ್ದು ನೋಡಿ ಒಂದಾಣೆ ಆಚೀಚೆ. ಸರ್ಕಾರ ನಡೀತಾ ಇಲ್ವಾ?"

"ಮೊದಲೇ ಹೇಳಬೌದಿತ್ತಲ್ಲೋ."

"ನೀನು ಅಷ್ಟು ಆಸೆ ಇಟ್ಕಂಡಿದ್ದೆ. ಆಗಲ್ಲ ಅಂತ ಹೆಂಗಪ್ಪಾ ಹೇಳ್ಲಿ?"

ಅವನದೂ ಮುಲಾಜೇ. ನನ್ನ ತುಂಡನ್ನು ನಾನು ಪ್ರತಿ ಸುತ್ತಿನಲ್ಲೂ ಪೂರ್ತಿ ಲೆಕ್ಕ ಮಾಡಿದ್ದೆ. ಆದರೆ ಅದು ನಿಂತದ್ದು ಅವರ ಮೂರು ತುಂಡು ನಿಂತಿದ್ದಕ್ಕೆ. ಒಳಗೆ ಹಾಕುವ ಅಂಕಿ ಬದಲಾಗದಿದ್ದರೆ ಹೊರಗೆ ಬರುವುದು ಯಾಕೆ ಬದಲಾದೀತು? ಅದನ್ನು ನಾನು ಉತ್ತರ ಸಿಕ್ಕಿತು ಎಂದುಕೊಂಡಿದ್ದೆ.

ಜಗಳೂರಿಗೆ ಬಂದು ಇಡೀ ಗೆರೆಯನ್ನು ಒಬ್ಬನೇ ಪರೀಕ್ಷೆಗೆ ಹಚ್ಚಿದೆ. ಪರಿಚಯದವರೊಬ್ಬರು ಬೊಂಬಾಯಿಯಿಂದ ತಂದ ಅಂಗೈಯಗಲದ ಕ್ಯಾಲ್ಕುಲೇಟರ್ ಎರವಲು ತಂದಿದ್ದೆ. ನಾಲ್ಕೂ ತುಂಡಿನ ಅಂಕಿಗಳನ್ನು ಒಳಗೆ ಹಾಕಿದೆ. ಹಾಕಿದ್ದು ಹೊರಗೆ ಬರಲಿಲ್ಲ. ಬೇರೆ ಗೆರೆ ಬಂತು. ಅದನ್ನು ಹಾಕಿದರೆ ಇನ್ನೊಂದು. ಅದೇ ಹಳೆಯ ಓಲಾಟ, ನಾವು ಯಾರೂ ಏನೂ ಮಾಡಿಯೇ ಇಲ್ಲವೇನೋ ಎಂಬಂತೆ. ಲೆಕ್ಕ ಬಿಟ್ಟು ಎದ್ದು ಬೀದಿಯಲ್ಲಿ ಸುಮ್ಮನೆ ಬಿರಬಿರನೆ ನಡೆದೆ.

ಗೈಡ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರ ಮುಂದೆ ಚಕ್ಕುಲಿಯ ತಟ್ಟೆ ಇತ್ತು, ತಟ್ಟೆಯ ಕೆಳಗೆ ನನ್ನ ಗ್ರಾಫ್.

"ನೋಡ್ರೀ, ಎಷ್ಟು ಲಕ್ಷಣವಾಗಿದೆ ಗೆರೆ."

"ಅದು ಸಮೀಕರಣಕ್ಕೆ ಹೊಂದಲ್ಲ ಸಾರ್."

"ಕಣ್ಣಿಗೆ ಹೊಂದುತ್ತಲ್ಲ?"

"ನನಗೆ ಸ್ವಲ್ಪ ಸಮಯ ಕೊಡಿಸಿ ಸಾರ್. ಅರ್ಧರ್ಧ ಬೆರೆಸೋ ವಿಧಾನದಲ್ಲಿ ಮೊದಲಿಂದ ಮಾಡ್ತೀನಿ. ಇಲ್ಲಾ ಕಂಪ್ಯೂಟರ್ ಕೊಡಿಸಿ, ಬೇಗ ಮುಗಿಯುತ್ತೆ."

"ಅವಧಿ ಮುಂದಕ್ಕೆ ಹಾಕಿ ಅಂತ ನಾನು ಬರೆದರೆ, ನನ್ನ ವಿದ್ಯಾರ್ಥಿ ತಪ್ಪು ಮಾಡಿದ ಅಂತ ನಾನೇ ಬರೆದ ಹಾಗೆ. ಪರೀಕ್ಷಕರು ಕೂತು ಲಾಗ್ ಟೇಬಲ್ ತಿರುವಿ ಹಾಕ್ತಾರೇನ್ರೀ? ಒಬ್ಬರು ನನ್ನ ಸ್ನೇಹಿತರು. ಇನ್ನೊಬ್ಬರ ಹುಡುಗನಿಗೆ ಹೋದ ವರ್ಷ ನಾನು ಸಹಿ ಹಾಕಿದೀನಿ. ಅವರಿಗೂ ಮುಖದಾಕ್ಷಿಣ್ಯ ಅಂತ ಇರುತ್ತೆ."

ಗೆರೆಯ ಮೇಲೆ ಚಕ್ಕುಲಿಯ ಪುಡಿ ಬಿದ್ದಿತ್ತು. ಅದನ್ನು ಬೆರಳಿನಿಂದ ಒರೆಸಿ ತೆಗೆದರು, ಬೆರಳನ್ನು ನೆಕ್ಕಿಕೊಂಡರು. ಹಾಳೆಯ ಮೇಲೆ ಎಣ್ಣೆಯ ಹಾದಿಯೊಂದು ಉಳಿಯಿತು. ಆಮೇಲೆ ಅದೇ ಬೆರಳಿನಿಂದ, ಪ್ರಬಂಧ ಒಪ್ಪಿಸುವ ಹಾಳೆಯಲ್ಲಿ ನಾನು ಸಹಿ ಮಾಡಬೇಕಾದ ಜಾಗ ತೋರಿಸಿದರು.

ನಾನು ಸಹಿ ಮಾಡಲಿಲ್ಲ. ಇದನ್ನು ಹೇಳಿದಾಗ ಕೆಲವರು ಸತ್ಯದ ಮೇಲಿನ ಪ್ರೀತಿ ಎಂದು ಹೊಗಳಿದ್ದಾರೆ. ಪ್ರೀತಿ ಏನೂ ಅಲ್ಲ. ಆ ಬೆರಳು ಮುಟ್ಟಿದ ಹಾಳೆಯನ್ನು ಮುಟ್ಟಲು ನನಗೆ ಹೇಸಿಗೆಯಾಯಿತು, ಅಷ್ಟೇ. ಅವರು ಏನೂ ತಿನ್ನದ ದಿನ ಹೋಗಿದ್ದರೆ ಸಹಿ ಹಾಕಿಬಿಡುತ್ತಿದ್ದೆನೋ ಏನೋ. ಅವಧಿ ಮುಗಿಯಿತು, ನೋಂದಣಿ ಹೋಯಿತು. ಎಂಬತ್ತರ ದಶಕವನ್ನೆಲ್ಲ ನಾನು ಜಗಳೂರು, ಹೊನ್ನಾಳಿ, ಮತ್ತೆ ಜಗಳೂರು ಎಂದು ವರ್ಗವಾಗುತ್ತ ತ್ರಿಕೋನಮಿತಿ ಹೇಳಿದೆ. ಗೈಡ್‌ನ ಇನ್ನೊಬ್ಬ ವಿದ್ಯಾರ್ಥಿ ಅದೇ ಸಮೀಕರಣದ ಮೇಲೆ ಡಾಕ್ಟರೇಟ್ ತೆಗೆದುಕೊಂಡ. ಅವನ ಪ್ರಬಂಧದಲ್ಲಿದ್ದ ಗೆರೆ ನಮ್ಮದೇ ಎಂದು ಗ್ರಂಥಾಲಯದಲ್ಲಿ ನಿಂತು ನೋಡಿದಾಗ ಅನ್ನಿಸಿತ್ತು. ಆಣೆ ಮಾಡಿ ಹೇಳಲಾರೆ. ನುಣುಪಾದ ಗೆರೆಗಳೆಲ್ಲ ಒಂದೇ ಥರ ಕಾಣುತ್ತವೆ.

ನ್ಯಾಮತಿಯ ಮೇಷ್ಟ್ರಿಗೆ ಪುಸ್ತಕ ಬರುವುದಿಲ್ಲವೆಂದು ನಾನೇ ಹೋಗಿ ಹೇಳಬೇಕಾಯಿತು. ಯಾಕೆ ಎಂದು ಕೇಳಿದರು, ಹೇಳಿದೆ. ಅರ್ಧ ಇಳಿದದ್ದು ತಪ್ಪಾಯಿತು ಎಂಬ ಮಾತು ಅವರಿಗೆ ಅರ್ಥವೇ ಆಗಲಿಲ್ಲ, ಅಥವಾ ಆಗಿಯೂ ಒಪ್ಪಲಿಲ್ಲ.

"ಒಂದು ನಂಬರಿಗೋಸ್ಕರ ಇಷ್ಟು ಜನಾನ ಕೆಳಗೆ ಹಾಕ್ದೆಯಲ್ಲಪ್ಪಾ. ಆ ಹುಡುಗಿಗೆ ಹೇಳಬ್ಯಾಡ. ನೊಂದ್ಕಂತಾಳೆ." ಆ ದಿನ ಮಜ್ಜಿಗೆ ಕೊಡಲಿಲ್ಲ. ನಾನು ಬಸ್ ಸ್ಟ್ಯಾಂಡಿನತ್ತ ಹೊರಟಾಗ ಜಗಲಿಯಿಂದ ಎದ್ದು ಒಳಗೆ ಹೋದರು.

ಇದೆಲ್ಲ ಹೀಗೇ ನಡೆಯಿತೇ ಎಂದು ಈಚೆಗೆ ನನಗೇ ಅನುಮಾನ. ಮನೆಗೆ ಕಂಪ್ಯೂಟರ್ ಬಂದ ಮೇಲೆ ಆ ಸಮೀಕರಣವನ್ನು ಅರ್ಧರ್ಧ ಬೆರೆಸುವ ವಿಧಾನದಲ್ಲೇ ಮತ್ತೆ ಬಿಡಿಸಿದೆ. ನಾವು ತಿಂಗಳುಗಟ್ಟಲೆ ಬಸ್ಸಿಗೆ ಹಾಕಿದ ಕೆಲಸ ಚಹಾ ಆರುವುದರೊಳಗೆ ಮುಗಿಯಿತು. ಹಾಕಿದ್ದೇ ಹೊರಗೆ ಬಂತು. ಪರದೆಯ ಮೇಲಿನ ಗೆರೆಯನ್ನು ನೋಡಿದರೆ ಅದು ನಮ್ಮ ಗೆರೆಯೇ ಅನ್ನಿಸಿತು. ನಮ್ಮ ಹಾಳೆಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷವಾಗಿದೆ, ಹೋಲಿಸಲು ಏನೂ ಇಲ್ಲ. ನಡುವಿನ ಎತ್ತರ ನಮ್ಮದರಲ್ಲಿ ಎಷ್ಟಿತ್ತು ಎಂದು ನೆನೆಸಿಕೊಂಡರೆ ಪರದೆಯ ಮೇಲೆ ಕಂಡ ಅಂಕಿಯೇ ಬರುತ್ತದೆ. ನಿಜವಾಗಿ ಅಷ್ಟಿತ್ತೋ, ಈಗ ಕಂಡದ್ದಕ್ಕೆ ನನ್ನ ನೆನಪು ಮುಲಾಜು ಮಾಡಿ ಹೊಂದಿಕೊಂಡಿತೋ ತಿಳಿಯದು. ಅಂದು ಕ್ಯಾಲ್ಕುಲೇಟರ್ ಹಿಡಿದು ಮಾಡಿದ ಪರೀಕ್ಷೆಯಲ್ಲಿ ನಾನೇ ಎಲ್ಲಾದರೂ ತಪ್ಪಿದ್ದೆನೇ? ಎರಡು ಸಲ ಮಾಡಿದ ನೆನಪು. ಒಂದೇ ಸಲ ಮಾಡಿ, ಎರಡು ಸಲ ಎಂದು ಹೇಳುತ್ತ ಬಂದಿರಲೂಬಹುದು. ಈ ತಲೆಯನ್ನು ಮೂಗಿನ ಹತ್ತಿರ ಹಿಡಿದರೆ ಆ ಲಕೋಟೆಗಳದೇ ವಾಸನೆ ಬಂದೀತು.

ತಡೆಯಲಾರದೆ ಹೊನ್ನಾಳಿಯ ಮೇಡಂಗೆ ಫೋನ್ ಮಾಡಿದೆ. ಅವರೂ ನಿವೃತ್ತರಾಗಿದ್ದಾರೆ. ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಯಿತು. ಹಳೆಯ ಸಮೀಕರಣವನ್ನು ಈಗ ಬಿಡಿಸಿದೆ ಎಂದು ಹೇಳಿದೆ.

"ಸಾರ್, ನಮ್ಮದು ಸರಿ ಇತ್ತಾ?"

ಗೊತ್ತಿಲ್ಲ ಎನ್ನಬೇಕಿತ್ತು. ತಿದ್ದಿದ್ದನ್ನು ಸರಿ ಎನ್ನದೆಯೇ ನಾನು ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡದ್ದು.

"ಬಹಳ ಹತ್ತಿರ ಇತ್ತು ಮೇಡಂ," ಎಂದೆ.

"ನನಗೆ ಗೊತ್ತಿತ್ತು ಸಾರ್. ಮೇಷ್ಟ್ರು ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು." ಆಕೆಯ ದನಿ ಒದ್ದೆಯಾಗಿತ್ತು.

ಫೋನ್ ಇಟ್ಟು, ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ.